ಮಲೆಯೇರುವವರ ಕೈಗೆ ಎಂಥ ಜಿಪಿಎಸ್?

ಮಳೆಗಾಲ ಹಿಂದೆ ಸರಿದು ಬೋಳುಗುಡ್ಡಗಳ ಹುಲ್ಲು ತಲೆಯೆತ್ತುವ ಹೊತ್ತಿಗೆ ಮಲೆನಾಡಿನ ಕಾಲುದಾರಿಗಳಲ್ಲಿ ಚಾರಣಿಗರ ಸಾಲು ಕಾಣಿಸಿಕೊಳ್ಳುತ್ತದೆ. ಆ ಸಾಲಿನಲ್ಲಿ ಪಟ್ಟಣದ ಅಪರಿಚಿತರಷ್ಟೇ ಇರುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಯಲಹಂಕಗಳ ಹಾಸ್ಟೆಲುಗಳಲ್ಲಿದ್ದು ಓದುತ್ತಿರುವ ನಮ್ಮದೇ ಊರುಗಳ ಮಕ್ಕಳೂ ಗೆಳೆಯರನ್ನು ಕಟ್ಟಿಕೊಂಡು ಬರುತ್ತಾರೆ. ಅವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: ‘ಬೆಟ್ಟಕ್ಕೆ ಒಯ್ಯಲು ಯಾವ ಜಿಪಿಎಸ್ ಕೊಳ್ಳುವುದು ಒಳ್ಳೆಯದು?’

ಮೇಲುನೋಟಕ್ಕೆ ಇದು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ. ಆದರೆ ಇದರ ಉತ್ತರ ಅಂಗಡಿಯಲ್ಲಿ ದೊರೆಯುವುದಿಲ್ಲ ಎಂಬುದು ಈ ಬರಹದ ನಿಲುವು. ಹಣ ಕೊಡುವ ಮುನ್ನ ಎರಡು ಸಂಗತಿಗಳನ್ನು ನಾವು ತೀರ್ಮಾನಿಸಿಕೊಳ್ಳಬೇಕು. ನಮ್ಮ ಮಲೆಯ ಮಳೆ, ಮಂಜು ಮತ್ತು ದಟ್ಟಕಾಡಿನಲ್ಲಿ ಆ ಯಂತ್ರ ಎಷ್ಟರಮಟ್ಟಿಗೆ ದುಡಿಯಬಲ್ಲದು ಎಂಬುದು ಮೊದಲನೆಯದು. ಅದು ಗುರುತಿಸಿಡುವ ಬಿಂದುಗಳು ಯಾರ ಸೊತ್ತು, ಯಾರ ಕೈಗೆ ಹೋಗಬೇಕು ಎಂಬುದು ಎರಡನೆಯದು. ಮೊದಲನೆಯದನ್ನು ಮರೆತರೆ ಚಾರಣಿಗನ ಜೀವಕ್ಕೆ ಅಪಾಯ. ಎರಡನೆಯದನ್ನು ಮರೆತರೆ ಊರಿಗೂ ಕಾಡಿಗೂ ಅಪಾಯ.

ಹೆಬ್ಬಾಳದಲ್ಲಿ ಎಳೆದ ಗೆರೆ

ಅಕ್ಷಾಂಶ, ರೇಖಾಂಶಗಳ ಮಾತು ಹೊಸ ಕಾಲದ್ದೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದುಂಟು. ಅವರು ದಿನವೂ ಬಸ್ಸಿನಲ್ಲಿ ಹಾದುಹೋಗುವ ದಾರಿಯಲ್ಲಿಯೇ ಅದರ ಹಳೆಯ ಕಥೆಯೊಂದಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಮುಂದುವರಿಕೆಯಾಗಿ, 1868ರಲ್ಲಿ ಬೆಂಗಳೂರಿನ ಉತ್ತರಭಾಗದಲ್ಲಿ ಒಂದು ಆಧಾರರೇಖೆಯನ್ನು ಅಳೆಯಲಾಯಿತು. ಅದರ ಒಂದು ತುದಿ ಹೆಬ್ಬಾಳದ ಕಡೆಯ ಮೇಖ್ರಿ ವೃತ್ತದ ಬಳಿ, ಇನ್ನೊಂದು ತುದಿ ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ. ನಡುವಣ ಅಂತರ ಸುಮಾರು ಏಳು ಮೈಲಿ. ಹತ್ತು ಅಡಿ ಉದ್ದದ ಲೋಹದ ಪಟ್ಟಿಗಳನ್ನು ಒಂದರ ಮುಂದೊಂದು ಇಡುತ್ತ, ಬಿಸಿಲಿಗೆ ಲೋಹ ಹಿಗ್ಗುವುದನ್ನೂ ಲೆಕ್ಕ ಹಿಡಿಯುತ್ತ, ಆ ನೆಲವನ್ನು ಅಂಗುಲ ಅಂಗುಲವಾಗಿ ಅಳೆದರು. ಒಂದು ಗೆರೆಯ ಉದ್ದ ಖಚಿತವಾಗಿ ತಿಳಿದರೆ ಕೋನಗಳನ್ನು ಮಾತ್ರ ಅಳೆಯುತ್ತ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯಬಹುದು. ದೇಶದ ಭೂಪಟಗಳು ನಿಂತಿದ್ದುದು ಇಂಥ ಕೆಲವೇ ಆಧಾರರೇಖೆಗಳ ಮೇಲೆ.

ಕಣ್ಣೂರಿನ ತುದಿಯಲ್ಲಿದ್ದ ವೀಕ್ಷಣಾಲಯದ ಪುಟ್ಟ ಕಟ್ಟಡವನ್ನು 2024ರಲ್ಲಿ ಕೆಡವಿಹಾಕಲಾಯಿತು. ಒಂದೂವರೆ ಶತಮಾನ ನಿಂತಿದ್ದ ಗುರುತು ಮಣ್ಣುಪಾಲಾದದ್ದನ್ನು ಕಂಡು ಮರುಗಿದವರು ಕೆಲವರೇ. ಇತ್ತ ಮೇಖ್ರಿ ವೃತ್ತದಿಂದ ಹೆಚ್ಚು ದೂರವಿಲ್ಲದ ನ್ಯೂ ಬಿಇಎಲ್ ರಸ್ತೆಯಲ್ಲಿ, ಸ್ವದೇಶಿ ಪಥದರ್ಶಕ ಉಪಗ್ರಹಗಳನ್ನು ಹಾರಿಸಿದ ಇಸ್ರೋದ ಪ್ರಧಾನ ಕಚೇರಿಯಿದೆ. ನೆಲದ ಮೇಲೆ ಕಂಬಿಯಿಟ್ಟು ಅಳೆದ ಕಾಲವೂ ಆಕಾಶದಿಂದ ಅಳೆಯುವ ಕಾಲವೂ ಹೀಗೆ ಒಂದೇ ನೆರೆಹೊರೆಯಲ್ಲಿವೆ. ಅಳತೆ ಎಂದೂ ಬರಿಯ ಅಳತೆಯಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಅಂದು ಅಳೆದವರು ಆಳುವವರಾಗಿದ್ದರು. ಭೂಪಟ ಅವರ ಬಳಿ ಇತ್ತು, ಬೆಟ್ಟ ಮಾತ್ರ ನಮ್ಮ ಬಳಿ ಇತ್ತು. ಇಂದು ಅಂಗೈಯಗಲದ ಯಂತ್ರವೊಂದು ಆ ಶಕ್ತಿಯನ್ನು ಹಳ್ಳಿಗನ ಕೈಗೂ ತಂದಿದೆ. ಆದುದರಿಂದಲೇ ಅದರ ಆಯ್ಕೆ ಹಗುರವಾದ ಸಂಗತಿಯಲ್ಲ.

ಆಕಾಶದ ಲೆಕ್ಕ, ಕಾಡಿನ ಅಡ್ಡಿ

ಜಿಪಿಎಸ್ ಅಮೆರಿಕದ ಸೇನೆ ನಿರ್ಮಿಸಿದ ವ್ಯವಸ್ಥೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯದ ಸಂಕೇತವನ್ನು ಕಳುಹಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಎಷ್ಟೆಷ್ಟು ತಡವಾಗಿ ತಲುಪಿತೆಂಬುದನ್ನು ನೋಡಿ ನಮ್ಮ ಕೈಯ ಯಂತ್ರ ತಾನಿರುವ ತಾಣವನ್ನು ಲೆಕ್ಕಹಾಕುತ್ತದೆ. ನಾಗರಿಕರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸುವ ಪದ್ಧತಿ 2000ದ ಮೇ ತಿಂಗಳಿನವರೆಗೂ ಇತ್ತು. ನೂರು ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಅದನ್ನು ತೆಗೆದುಹಾಕಿದ ಮೇಲೆಯೇ ಕೈಯಲ್ಲಿ ಹಿಡಿಯುವ ಯಂತ್ರಗಳು ಚಾರಣಿಗರಿಗೆ ನಿಜವಾಗಿ ಉಪಯುಕ್ತವಾದವು. ಈಗ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ವ್ಯವಸ್ಥೆಗಳ ಸಂಕೇತವನ್ನೂ ಒಂದೇ ಯಂತ್ರ ಹಿಡಿಯಬಲ್ಲದು.

ತೆರೆದ ಬಯಲಿನಲ್ಲಿ ಐದು-ಹತ್ತು ಮೀಟರ್‌ಗಳ ಒಳಗೆ ತಾಣ ತೋರುವ ಯಂತ್ರ, ನಮ್ಮ ಕಾನಿನೊಳಗೆ ಹೊಕ್ಕೊಡನೆ ತಡವರಿಸುತ್ತದೆ. ಉಪಗ್ರಹದ ಸಂಕೇತ ಬಹಳ ಕ್ಷೀಣವಾದುದು. ನೀರು ಅದನ್ನು ಹೀರುತ್ತದೆ. ಮಳೆಯಲ್ಲಿ ತೊಯ್ದ ಎಲೆಗಳ ಚಪ್ಪರ ಒಣಗಿದ ಚಪ್ಪರಕ್ಕಿಂತ ಹೆಚ್ಚು ಅಡ್ಡಿಯಾಗುತ್ತದೆ. ಕಡಿದಾದ ಕಣಿವೆಯಲ್ಲಿ ಆಕಾಶದ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಉಪಗ್ರಹಗಳ ಸಂಖ್ಯೆ ತಗ್ಗುತ್ತದೆ. ಬಂಡೆಗೋಡೆಗೆ ತಾಗಿ ಪ್ರತಿಫಲಿಸಿ ಬರುವ ಸಂಕೇತವನ್ನು ನೇರ ಸಂಕೇತವೆಂದು ನಂಬಿ ಯಂತ್ರ ತಪ್ಪು ಲೆಕ್ಕ ಕೊಡುತ್ತದೆ. ವಿಪರ್ಯಾಸವೆಂದರೆ, ದಾರಿ ತಪ್ಪುವುದು ಬಯಲಿನಲ್ಲಲ್ಲ, ಇಂಥ ತಾಣಗಳಲ್ಲಿಯೇ. ಆದುದರಿಂದ ಯಂತ್ರದ ಡಬ್ಬಿಯ ಮೇಲೆ ಅಚ್ಚಾದ ನಿಖರತೆಯ ಅಂಕಿಯನ್ನು ನೋಡಿ ಮರುಳಾಗಬಾರದು. ಅದು ನಮ್ಮ ಕಾಡನ್ನು ನೋಡಿ ಬರೆದದ್ದಲ್ಲ.

ನಮ್ಮದೇ ನಾವಿಕ್ ವ್ಯವಸ್ಥೆಯ ಬಗ್ಗೆ ಅಭಿಮಾನ ಸಹಜ. ಅದರ ಮೊದಲ ಉಪಗ್ರಹ 2013ರಲ್ಲಿ ಮೇಲೇರಿತು. 2016ರಲ್ಲಿ ಏಳನೆಯದು ಸೇರಿದಾಗ ನಾವಿಕ್ ಎಂಬ ಹೆಸರು ಬಂತು. ಅದರ ಉಪಗ್ರಹಗಳು ಭಾರತದ ಆಕಾಶದಲ್ಲಿ ಎತ್ತರವಾಗಿ ನಿಲ್ಲುವುದರಿಂದ ಕಣಿವೆಗಳಲ್ಲಿ ನೆರವಾಗುವ ಗುಣ ಅದಕ್ಕಿದೆ. ಆದರೆ ಹಲವು ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳು ಕೆಟ್ಟವು. 2023ರಲ್ಲಿ ಬದಲಿ ಸರಣಿಯ ಮೊದಲ ಉಪಗ್ರಹ ಯಶಸ್ವಿಯಾಯಿತಾದರೂ 2025ರ ಜನವರಿಯಲ್ಲಿ ಹಾರಿದ ಎರಡನೆಯದು ಉದ್ದೇಶಿತ ಕಕ್ಷೆಯನ್ನು ಮುಟ್ಟಲಿಲ್ಲ. ನಾವಿಕ್ ಇರುವ ಯಂತ್ರ ಸಿಕ್ಕರೆ ಸಂತೋಷ. ಅದೊಂದನ್ನೇ ನೆಚ್ಚಿ ಹಣ ಕೊಡುವುದು ಸದ್ಯಕ್ಕೆ ವಿವೇಕವಲ್ಲ.

ಫೋನು ಸಾಲದೇ?

ಜೇಬಿನಲ್ಲಿ ಫೋನಿರುವಾಗ ಬೇರೆ ಯಂತ್ರವೇಕೆ ಎಂಬ ಆಕ್ಷೇಪ ನ್ಯಾಯವಾದುದು. ನೆಟ್‌ವರ್ಕ್ ಇಲ್ಲದೆಡೆ ಫೋನಿನ ಜಿಪಿಎಸ್ ಕೆಲಸ ಮಾಡದು ಎಂಬ ನಂಬಿಕೆ ಮಾತ್ರ ತಪ್ಪು. ಉಪಗ್ರಹಕ್ಕೂ ಟವರಿಗೂ ಸಂಬಂಧವಿಲ್ಲ. ಟವರು ನೆರವಾಗುವುದು ಮೊದಲ ಬಾರಿ ತಾಣವನ್ನು ಬೇಗನೆ ಹಿಡಿಯಲು ಮಾತ್ರ. ಭೂಪಟವನ್ನು ಮೊದಲೇ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟರೆ, ಸಿಗದ ಟವರಿಗಾಗಿ ಹುಡುಕಾಡಿ ಬ್ಯಾಟರಿ ಬರಿದಾಗುವುದೂ ತಪ್ಪುತ್ತದೆ. ನಂದಿಬೆಟ್ಟ, ಸ್ಕಂದಗಿರಿ, ಮಾಕಳಿದುರ್ಗಗಳಂಥ ಒಂದು ಹಗಲಿನ ಹಾದಿಗೆ, ಒಣಹವೆಯಲ್ಲಿ, ಫೋನು ಧಾರಾಳವಾಗಿ ಸಾಕು. ಅದಕ್ಕಾಗಿ ಸಾವಿರಾರು ರೂಪಾಯಿ ಸುರಿಯಬೇಕೆಂದು ನಾವು ಹೇಳುವುದಿಲ್ಲ. ಅನಗತ್ಯ ಯಂತ್ರವೂ ಕೊನೆಗೆ ಭೂಮಿಯ ಮೇಲಿನ ಕಸವೇ.

ಪಶ್ಚಿಮಘಟ್ಟದ ಎರಡು-ಮೂರು ದಿನಗಳ ನಡಿಗೆಯ ಮಾತು ಬೇರೆ. ಹನಿ ಬಿದ್ದ ಗಾಜನ್ನು ತೊಯ್ದ ಬೆರಳಿನಿಂದ ಮುಟ್ಟಿದರೆ ಫೋನು ಹೇಳಿದ ಮಾತು ಕೇಳುವುದಿಲ್ಲ. ಬಂಡೆಯ ಮೇಲೆ ಬಿದ್ದರೆ ಒಡೆಯುತ್ತದೆ. ಎರಡನೆಯ ದಿನದ ಸಂಜೆಗೆ ಚಾರ್ಜು ಮುಗಿದರೆ ಕಾಡಿನಲ್ಲಿ ತುಂಬಿಸಿಕೊಳ್ಳಲಾಗದು. ಇನ್ನೂ ಮುಖ್ಯವಾಗಿ, ಅಪಾಯದಲ್ಲಿ ಊರಿನವರನ್ನು ಕೂಗಿ ಕರೆಯಬೇಕಾದ ಸಾಧನವೂ ಅದೇ ಫೋನು. ದಾರಿ ನೋಡಿ ನೋಡಿ ಅದನ್ನು ಬರಿದು ಮಾಡಿದರೆ ಕರೆಯುವ ಬಾಯಿಯೇ ಕಟ್ಟಿಹೋಗುತ್ತದೆ. ಇಂಥ ಹಾದಿಗೆ ಪ್ರತ್ಯೇಕ ಕೈಯಂತ್ರ ಬೇಕು. ಆದರೆ ತಲೆಗೊಂದಲ್ಲ, ತಂಡಕ್ಕೊಂದು.

ಕೊಳ್ಳುವಾಗ ನೋಡಬೇಕಾದವು

ಮೊದಲು ನೋಡಬೇಕಾದದ್ದು ಸೆಲ್ಲು. ಹಳ್ಳಿಯ ಅಂಗಡಿಯಲ್ಲಿ ಸಿಗುವ ಎಎ ಅಳತೆಯ ಪೆನ್ಸಿಲ್ ಸೆಲ್ ಹಾಕಿ ನಡೆಸಬಹುದಾದ ಯಂತ್ರವೇ ಮಲೆನಾಡಿಗೆ ಹೊಂದುತ್ತದೆ. ಒಳಗೇ ಅಡಗಿದ ಬ್ಯಾಟರಿಯುಳ್ಳ ಹೊಸ ಯಂತ್ರಗಳು ಹೆಚ್ಚು ದಿನ ಬಾಳುವುದು ನಿಜ. ಆದರೆ ಒಮ್ಮೆ ಬರಿದಾದರೆ, ಅಥವಾ ಕೆಲವು ವರ್ಷಗಳ ತರುವಾಯ ಬ್ಯಾಟರಿ ಸೊರಗಿದರೆ, ಊರಿನಲ್ಲಿ ಪರಿಹಾರವಿಲ್ಲ. ಬಹುಕಾಲ ಚಾರಣಿಗರ ಕೈಯಲ್ಲಿ ಓಡಾಡಿದ ಗಾರ್ಮಿನ್ ಸಂಸ್ಥೆಯ ಇಟ್ರೆಕ್ಸ್ 22ಎಕ್ಸ್ ಎರಡು ಸೆಲ್ಲುಗಳಲ್ಲಿ ಸುಮಾರು 25 ಗಂಟೆ, ಹೆಚ್ಚು ಸೂಕ್ಷ್ಮವಾದ ಜಿಪಿಎಸ್‌ಮ್ಯಾಪ್ 65 ಸುಮಾರು 16 ಗಂಟೆ ನಡೆಯುತ್ತವೆ ಎಂದು ತಯಾರಕರು ಹೇಳುತ್ತಾರೆ. ಮರುಚಾರ್ಜು ಮಾಡುವ ಸೆಲ್ಲುಗಳನ್ನು ಬಳಸಿದರೆ ಕಸವೂ ಕಡಿಮೆ, ಖರ್ಚೂ ಕಡಿಮೆ; ಯಾವ ಬಗೆಯ ಸೆಲ್ ಹಾಕಿದ್ದೇವೆಂದು ಯಂತ್ರದೊಳಗೆ ಆರಿಸಿಡಬೇಕು, ಇಲ್ಲವಾದರೆ ಉಳಿದ ಶಕ್ತಿಯ ಅಂದಾಜು ತಪ್ಪಿಹೋಗುತ್ತದೆ. ಸವೆದ ಸೆಲ್ಲುಗಳನ್ನು ಕಾಡಿನಲ್ಲಾಗಲಿ ತೋಟದಲ್ಲಾಗಲಿ ಎಸೆಯದೆ ಮರಳಿ ತರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಎರಡನೆಯದು ಆಂಟೆನಾ. ಮೇಲ್ಗಡೆ ಗೂಟದಂತೆ ಚಾಚಿಕೊಂಡ, ಸುರುಳಿಯಾಕಾರದ ಆಂಟೆನಾ ಉಳ್ಳ ಯಂತ್ರಗಳು ಎಲೆಚಪ್ಪರದಡಿ ಸಾಮಾನ್ಯವಾಗಿ ಮೇಲು. ಅವನ್ನು ನೆಟ್ಟಗೆ ಹಿಡಿಯಬೇಕು. ಚಪ್ಪಟೆ ಆಂಟೆನಾ ಉಳ್ಳ ಚಿಕ್ಕ ಯಂತ್ರಗಳನ್ನು ಅಂಗೈ ಮೇಲೆ ಮಲಗಿಸಿ ಆಕಾಶಕ್ಕೆ ಮುಖಮಾಡಿ ಹಿಡಿಯಬೇಕು. ಚೀಲದ ತಳದಲ್ಲಿ ಹುಗಿದಿಟ್ಟ ಯಂತ್ರ ಎಷ್ಟು ದುಬಾರಿಯಾದರೂ ಕುರುಡೇ. ಒಂದಕ್ಕಿಂತ ಹೆಚ್ಚು ಉಪಗ್ರಹವ್ಯವಸ್ಥೆಗಳನ್ನು, ಸಾಧ್ಯವಾದರೆ ಎರಡು ತರಂಗಪಟ್ಟಿಗಳನ್ನು ಹಿಡಿಯುವ ಯಂತ್ರ ನಮ್ಮ ಕಣಿವೆಗಳಿಗೆ ಹೆಚ್ಚು ತಕ್ಕುದು.

ಮೂರನೆಯದು ಗುಂಡಿಗಳು. ಮಳೆಯಲ್ಲಿ, ಮರಗಟ್ಟಿದ ಬೆರಳಿನಲ್ಲಿ, ಒಂದು ಕೈಯಲ್ಲಿ ಇಂಬಳ ಕೀಳುತ್ತಿರುವಾಗಲೂ ಒತ್ತಬಹುದಾದ ಗುಂಡಿಗಳಿರಲಿ. ಮುಟ್ಟುಪರದೆಯ ಅಂದಕ್ಕೆ ಮನಸೋಲಬೇಡಿ. ನೀರಿಗೆ ಸಂಬಂಧಿಸಿ ಐಪಿಎಕ್ಸ್7 ಎಂಬ ಗುರುತಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧಗಂಟೆ ತಡೆಯುತ್ತದೆ ಎಂದರ್ಥ. ಕೊರಳಿಗೋ ಚೀಲದ ಪಟ್ಟಿಗೋ ಕಟ್ಟಿಕೊಳ್ಳಲು ಹಗ್ಗದ ಕಿಂಡಿ ಇರಲಿ. ಹಳ್ಳ ದಾಟುವಾಗ ಕೈಜಾರಿದ್ದು ಸಮುದ್ರಕ್ಕೆ ಸಲ್ಲುತ್ತದೆ.

ನಾಲ್ಕನೆಯದು ಎತ್ತರಮಾಪಕ ಮತ್ತು ದಿಕ್ಸೂಚಿ. ವಾಯುಭಾರದಿಂದ ಎತ್ತರ ಹೇಳುವ ಮಾಪಕ ಉಪಯುಕ್ತವೇ. ಒಂದು ಹೆಕ್ಟೊಪಾಸ್ಕಲ್ ಒತ್ತಡ ಕುಸಿದರೆ ಎಂಟೊಂಬತ್ತು ಮೀಟರ್ ಏರಿದೆವೆಂದು ಅದು ಲೆಕ್ಕ ಹಿಡಿಯುತ್ತದೆ. ಆದರೆ ಮೋಡ ಕವಿದು ಒತ್ತಡ ತಾನಾಗಿ ಕುಸಿದರೂ ಕುಳಿತಲ್ಲಿಯೇ ಬೆಟ್ಟವೇರಿದಿರೆಂದು ಹೇಳಿಬಿಡುತ್ತದೆ. ಎತ್ತರ ತಿಳಿದಿರುವ ತಾಣದಲ್ಲಿ ಆಗಾಗ ಸರಿಪಡಿಸಿಕೊಳ್ಳಬೇಕು. ವಿದ್ಯುನ್ಮಾನ ದಿಕ್ಸೂಚಿ ಇಲ್ಲದ ಯಂತ್ರದ ಬಾಣ ನಡೆಯುತ್ತಿರುವಾಗ ಮಾತ್ರ ಸರಿಯಾದ ದಿಕ್ಕು ತೋರುತ್ತದೆ, ನಿಂತರೆ ಅಲೆದಾಡುತ್ತದೆ. ದಿಕ್ಸೂಚಿ ಇದ್ದ ಮಾತ್ರಕ್ಕೂ ನಿಶ್ಚಿಂತೆಯಿಲ್ಲ. ಕುದುರೆಮುಖದ ಅದಿರು ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಗುಣದ ಕಬ್ಬಿಣದ ಅದಿರು. ಗಣಿಗಾರಿಕೆ 2005ರ ಕೊನೆಯಲ್ಲಿ ನಿಂತರೂ ಅದಿರು ನೆಲದೊಳಗಿದೆ. ಅಂಥ ಬಂಡೆಗಳ ನೆರೆಯಲ್ಲಿ ದಿಕ್ಸೂಚಿಯ ಸೂಜಿ ಓಲಬಹುದು. ಸೂರ್ಯನನ್ನೂ ನೀರು ಹರಿಯುವ ದಿಕ್ಕನ್ನೂ ನೋಡಿ ತಾಳೆ ಹಾಕುವ ಅಭ್ಯಾಸ ಇರಬೇಕು.

ಐದನೆಯದು ಭೂಪಟ ಮತ್ತು ಲೆಕ್ಕದ ಮೂಲ. ಸರ್ವೆ ಆಫ್ ಇಂಡಿಯಾದ ಹಳೆಯ ಟೊಪೊ ಹಾಳೆಗಳು ಜಾರ್ಜ್ ಎವರೆಸ್ಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಲೆಕ್ಕಹಾಕಿದ ಭೂಗೋಳದ ಆಕಾರವನ್ನು ಆಧರಿಸಿವೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಆಕಾರವನ್ನು. ಯಂತ್ರದ ಅಂಕಿಯನ್ನು ಹಾಗೆಯೇ ಹಳೆಯ ಹಾಳೆಯ ಮೇಲೆ ಗುರುತಿಸಿದರೆ ನಮ್ಮ ಭಾಗದಲ್ಲಿ ಹೆಚ್ಚುಕಡಿಮೆ ಇನ್ನೂರು ಮೀಟರ್ ವ್ಯತ್ಯಾಸ ಬರುತ್ತದೆ. ಬಯಲುಸೀಮೆಯಲ್ಲಿ ಅದು ಎರಡು ಹೊಲಗಳ ಅಂತರ. ನಮ್ಮಲ್ಲಿ ಏಣಿಗೂ ಪ್ರಪಾತಕ್ಕೂ ಇರುವ ಅಂತರ. 2005ರ ರಾಷ್ಟ್ರೀಯ ಭೂಪಟ ನೀತಿಯ ತರುವಾಯ ಬಂದ ‘ಓಪನ್ ಸೀರೀಸ್’ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲಿವೆ. 2017ರಿಂದ ಅವನ್ನು ನಾಗರಿಕರು ಉಚಿತವಾಗಿ ಇಳಿಸಿಕೊಳ್ಳಬಹುದಾಗಿದೆ. 1:50,000 ಪ್ರಮಾಣದ ಆ ಹಾಳೆಯನ್ನು ಕಾಗದದ ಮೇಲೆ ಮುದ್ರಿಸಿ ಒಯ್ಯುವುದು ಯಾವ ಯಂತ್ರಕ್ಕಿಂತಲೂ ಅಗ್ಗದ ವಿಮೆ.

ಅಂಕಿಯನ್ನು ಹೇಳುವ ಬಗೆಯೂ ತಂಡದಲ್ಲಿ ಒಂದೇ ಆಗಿರಬೇಕು. 40.50 ಮಿನಿಟು ಎಂದು ಯಂತ್ರ ತೋರಿದ್ದನ್ನು ಫೋನಿನಲ್ಲಿ ‘ನಲವತ್ತು ಮಿನಿಟು ಐವತ್ತು ಸೆಕೆಂಡು’ ಎಂದು ತಿಳಿದರೆ ಇಪ್ಪತ್ತು ಸೆಕೆಂಡುಗಳ ತಪ್ಪಾಯಿತು; ಅಕ್ಷಾಂಶದಲ್ಲಿ ಅದು ಆರುನೂರು ಮೀಟರ್‌ಗೂ ಮಿಗಿಲು. ಹುಡುಕಲು ಹೊರಟ ಊರಿನವರು ಇನ್ನೊಂದು ಕಣಿವೆಗೆ ಇಳಿಯುತ್ತಾರೆ.

ಕೊನೆಯದಾಗಿ ಒಂದು ಎಚ್ಚರಿಕೆ. ಬರಿಯ ಜಿಪಿಎಸ್ ಸಂಕೇತವನ್ನು ಸ್ವೀಕರಿಸುತ್ತದೆ, ಕಳುಹಿಸುವುದಿಲ್ಲ. ಆದರೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಇನ್‌ರೀಚ್‌ನಂಥ ಉಪಕರಣಗಳೂ ಉಪಗ್ರಹ ಫೋನುಗಳೂ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ನಿಷಿದ್ಧ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಇಂಥ ಉಪಕರಣ ಹೊಂದಿದ್ದ ವಿದೇಶಿ ಪ್ರವಾಸಿಯೊಬ್ಬರನ್ನು ವಶಕ್ಕೆ ತೆಗೆದುಕೊಳ್ಳಲಾಯಿತು. ಹೊರದೇಶದಲ್ಲಿರುವ ನೆಂಟರು ಪ್ರೀತಿಯಿಂದ ತಂದುಕೊಡುವ ಯಂತ್ರ 66ಐ, 67ಐ ಎಂಬಂತೆ ‘ಐ’ ಅಕ್ಷರ ಹೊತ್ತಿದೆಯೇ ಎಂದು ನೋಡಿರಿ. ಆ ಅಕ್ಷರ ಸಂದೇಶವಾಹಕದ ಗುರುತು.

ಕೊಂಡ ಯಂತ್ರವನ್ನು ನೇರವಾಗಿ ಬೆಟ್ಟಕ್ಕೆ ಒಯ್ಯಬಾರದು. ಹೆಬ್ಬಾಳದ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಕಣ ಬಾಗಿಲಲ್ಲೇ ಇದೆ. ಹೆಬ್ಬಾಳ ಕೆರೆಯ ದಡದ ತೆರೆದ ಆಕಾಶದಡಿ ಒಂದು ಬಿಂದು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮರಗಳಡಿ ಒಂದು ಬಿಂದು ಗುರುತಿಸಿಕೊಳ್ಳಿ. ನಾಲ್ಕು ದಿನ, ನಾಲ್ಕು ಬೇರೆ ಹೊತ್ತಿನಲ್ಲಿ ಅದೇ ಜಾಗಕ್ಕೆ ಮರಳಿ ಅಂಕಿ ಬರೆದುಕೊಳ್ಳಿ. ಆ ಅಂಕಿಗಳು ಎಷ್ಟು ಚದುರಿವೆಯೋ ಅದೇ ನಿಮ್ಮ ಯಂತ್ರದ ನಿಜವಾದ ನಿಖರತೆ.

ಯಂತ್ರಕ್ಕೆ ತಿಳಿಯದ್ದು

ಯಂತ್ರ ಹೇಳುವುದು ನೀವು ಎಲ್ಲಿದ್ದೀರಿ ಎಂಬುದನ್ನು, ಎಲ್ಲಿಗೆ ಹೋಗಬಾರದೆಂಬುದನ್ನಲ್ಲ. ಗುರಿಗೆ ಎಂಟುನೂರು ಮೀಟರ್ ಎಂದು ಬಾಣ ತೋರಿಸಿದರೆ ಅದು ಹಕ್ಕಿಯ ದಾರಿ. ನಡುವೆ ಬಂಡೆಯ ಅಂಚೋ ತುಂಬಿದ ಹಳ್ಳವೋ ಇದ್ದರೆ ಅದಕ್ಕೆ ತಿಳಿಯದು. ಹಿಂದಿನ ರಾತ್ರಿ ಆನೆಗಳು ಇಳಿದ ದಾರಿ ಯಾವುದು, ಮಂಜು ಎಷ್ಟು ಗಂಟೆಗೆ ಮೇಲೇರುತ್ತದೆ, ಯಾವ ಹುಲ್ಲಿನಡಿ ಜಾರುಬಂಡೆಯಿದೆ, ಇವನ್ನು ಬಲ್ಲವರು ಊರಿನವರು.

2019ರ ಸೆಪ್ಟೆಂಬರ್‌ನಲ್ಲಿ ಕುಮಾರಪರ್ವತದಿಂದ ಇಳಿಯುವಾಗ ತಂಡದಿಂದ ಬೇರ್ಪಟ್ಟ ಬೆಂಗಳೂರಿನ ಯುವಕನೊಬ್ಬ ಕಾಡಿನಲ್ಲಿ ದಾರಿ ತಪ್ಪಿ, ಕೊನೆಗೆ ನೀರಿನ ಕೊಳವೆಯೊಂದನ್ನು ಕಂಡು ಅದರ ಜಾಡು ಹಿಡಿದು ಊರು ಸೇರಿದ ಸುದ್ದಿಯನ್ನು ಓದುಗರು ಮರೆತಿರಲಾರರು. ಅವನನ್ನು ಉಳಿಸಿದ್ದು ಉಪಗ್ರಹವಲ್ಲ. ಕೊಳವೆಯಿದ್ದಲ್ಲಿ ಮನೆಯಿರುತ್ತದೆ ಎಂಬ ಸರಳ ತಿಳಿವು. ಮಲೆನಾಡಿನ ಮಕ್ಕಳಿಗೆ ಅದು ಹುಟ್ಟಿನಿಂದಲೇ ಬಂದ ವಿದ್ಯೆ. ಯಂತ್ರ ಬಂದಿತೆಂದು ಆ ವಿದ್ಯೆಯನ್ನು ಮರೆಯುವುದು ಕಣ್ಣು ಕೊಟ್ಟು ಕನ್ನಡಕ ಕೊಂಡಂತೆ.

ಯಂತ್ರ ಪರವಾನಗಿಯೂ ಅಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. 2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿ ಮಿತಿಮೀರಿದ ತರುವಾಯ ರಾಜ್ಯದಲ್ಲಿ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ಸರಕಾರ ತಡೆಹಿಡಿಯಿತು. ದಿನವೊಂದಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು. ಆ ತಡೆಯನ್ನು ತಪ್ಪಿಸಿಕೊಳ್ಳಲು ಯಾರೋ ಕೊಟ್ಟ ಜಾಡನ್ನು ಯಂತ್ರಕ್ಕೆ ತುಂಬಿಕೊಂಡು ಹಿಂಬಾಗಿಲಿನಿಂದ ನುಗ್ಗುವವರನ್ನು ಚಾರಣಿಗರೆನ್ನಲಾಗದು.

ಬಿಂದು ಯಾರದು?

ಈಗ ಎರಡನೆಯ ಪ್ರಶ್ನೆಗೆ ಬರೋಣ. ಕೈಯಂತ್ರ ನಡೆದ ದಾರಿಯನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ಅದನ್ನು ಅಂತರಜಾಲಕ್ಕೆ ಏರಿಸಿದರೆ ಜಗತ್ತಿಗೇ ಹಂಚಿದಂತೆ. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ಸಂಸ್ಥೆ ಪ್ರಕಟಿಸಿದ್ದ ಓಟಗಾರರ ಜಾಡುಗಳ ಭೂಪಟದಿಂದ ಹೊರದೇಶಗಳಲ್ಲಿದ್ದ ಸೇನಾನೆಲೆಗಳ ಸ್ವರೂಪವೇ ಬಯಲಾಯಿತು. ಸೇನೆಯ ಗುಟ್ಟೇ ಉಳಿಯದಿದ್ದಲ್ಲಿ ನಮ್ಮ ದೇವರಕಾಡಿನ ಗುಟ್ಟು ಉಳಿದೀತೇ? ಜೇನುಮರ, ಮಂಗಟ್ಟೆಯ ಗೂಡು, ಅಪರೂಪದ ಔಷಧಿಗಿಡದ ತಾಣ ಇವುಗಳ ಅಂಕಿಯನ್ನು ಒಬ್ಬ ಉತ್ಸಾಹಿ ವಿದ್ಯಾರ್ಥಿ ಸಂತೋಷಕ್ಕಾಗಿ ಪ್ರಕಟಿಸುತ್ತಾನೆ. ಅದನ್ನು ಓದುವವನು ಕಳ್ಳಬೇಟೆಗಾರನೂ ಆಗಿರಬಹುದು. ಹುಲ್ಲುಗಾವಲಿನ ಮೇಲೆ ಒಬ್ಬ ನಡೆದ ಅಡ್ಡದಾರಿ ಭೂಪಟದಲ್ಲಿ ಗೆರೆಯಾದರೆ ಮರುವರ್ಷ ನೂರು ಜನ ಅದನ್ನೇ ತುಳಿಯುತ್ತಾರೆ. ಮುಂದಿನ ಮಳೆಗೆ ಅದು ಕೊರಕಲಾಗುತ್ತದೆ.

ಹಾಗೆಂದು ಯಂತ್ರವನ್ನು ದೂರವಿಡಬೇಕೆಂದು ನಾವು ಹೇಳುತ್ತಿಲ್ಲ. ಅದು ಊರಿಗೂ ಬೇಕು. 2006ರ ಅರಣ್ಯಹಕ್ಕು ಕಾಯಿದೆಯಡಿ ಅರ್ಜಿ ಸಲ್ಲಿಸಿದವರ ಜಮೀನಿನ ಗಡಿಯನ್ನು ಜಿಪಿಎಸ್‌ನಿಂದ ಅಳೆಯುವುದು ರೂಢಿಯಾಗಿದೆ. ಅಳೆಯುವವರ ಕೈಯಲ್ಲಿ ಮಾತ್ರ ಯಂತ್ರವಿದ್ದು ಅಳೆಸಿಕೊಳ್ಳುವವರಿಗೆ ಅದರ ಗುಣದೋಷ ತಿಳಿಯದಿದ್ದರೆ ಏನಾಗುತ್ತದೆ? ಒಂದು ಎಕರೆಯ ಚೌಕಾಕಾರದ ಜಮೀನಿನ ಪ್ರತಿ ಬದಿ ಸುಮಾರು 64 ಮೀಟರ್. ಎದುರುಬದುರಿನ ಎರಡು ಅಂಚುಗಳು ತಲಾ ಐದು ಮೀಟರ್ ಒಳಕ್ಕೆ ಸರಿದಂತೆ ಯಂತ್ರ ತೋರಿದರೆ 640 ಚದರ ಮೀಟರ್, ಅಂದರೆ ಆರು ಗುಂಟೆಗೂ ಮೇಲ್ಪಟ್ಟ ನೆಲ ಕಾಗದದಲ್ಲಿ ಮಾಯ. ಅಡಕೆ ತೋಟದ ನೆರಳಿನಲ್ಲಿ ಐದು ಮೀಟರ್ ತಪ್ಪು ಬರುವುದು ಅಪರೂಪವೇನಲ್ಲ. ಉಪಗ್ರಹಚಿತ್ರವೇ ಮೊದಲಾದ ತಂತ್ರಜ್ಞಾನಗಳು ಇತರ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಬದಲಿಗೆ ನಿಲ್ಲಲಾರವು ಎಂದು 2012ರ ತಿದ್ದುಪಡಿ ನಿಯಮಗಳು ಸ್ಪಷ್ಟಪಡಿಸಿವೆ. ಯಂತ್ರವನ್ನು ಬಳಸಿ ಬಲ್ಲ ಊರಿನ ಹುಡುಗಿಯೊಬ್ಬಳು ಅಳತೆಯ ದಿನ ಪಕ್ಕದಲ್ಲಿ ನಿಂತು, ‘ಇಲ್ಲಿ ಇನ್ನೊಮ್ಮೆ, ಹೆಚ್ಚು ಹೊತ್ತು ನಿಲ್ಲಿಸಿ ಅಳೆಯಿರಿ’ ಎನ್ನಬಲ್ಲಳಾದರೆ ಆ ನಿಯಮಕ್ಕೆ ಜೀವ ಬರುತ್ತದೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಪಟ್ಟಣದಲ್ಲಿ ಓದುವ ವಿದ್ಯಾರ್ಥಿಗಳು ಒಬ್ಬೊಬ್ಬರೇ ಕೊಳ್ಳುವ ಬದಲು ಚಂದಾ ಕೂಡಿಸಿ, ಸೆಲ್ಲಿನಲ್ಲಿ ನಡೆಯುವ, ಗುಂಡಿಗಳಿರುವ, ಹಲವು ಉಪಗ್ರಹವ್ಯವಸ್ಥೆಗಳನ್ನು ಹಿಡಿಯುವ ಒಂದು ಗಟ್ಟಿ ಯಂತ್ರವನ್ನು ಕೊಳ್ಳಲಿ. ಅದು ಚಾರಣದ ದಿನಗಳಲ್ಲಿ ತಂಡದ ಕೈಯಲ್ಲಿ, ಉಳಿದ ದಿನಗಳಲ್ಲಿ ಊರಿನ ಗ್ರಂಥಾಲಯದಲ್ಲೋ ಶಾಲೆಯಲ್ಲೋ ಇರಲಿ. ಜೊತೆಗೆ ಒಂದು ದಪ್ಪ ನೋಟುಪುಸ್ತಕವಿರಲಿ. ಹೆಚ್ಚಿನ ಯಂತ್ರಗಳಲ್ಲಿ ಬಿಂದುವಿಗೆ ಕನ್ನಡದಲ್ಲಿ ಹೆಸರಿಡಲಾಗದು. ಯಂತ್ರದಲ್ಲಿ ಸಂಖ್ಯೆ, ಪುಸ್ತಕದಲ್ಲಿ ಹೆಸರು. ಹಳ್ಳ, ಕಲ್ಲು, ಬ್ಯಾಣ, ಕಾನುಗಳಿಗೆ ಹಿರಿಯರು ಇಟ್ಟ ಹೆಸರುಗಳನ್ನು ಅವರೊಡನೆ ನಡೆದೇ ಬರೆದುಕೊಳ್ಳಬೇಕು. ಯಾವ ಬಿಂದುವನ್ನು ಹೊರಗೆ ಕೊಡಬಹುದು, ಯಾವುದನ್ನು ಕೂಡದು ಎಂಬುದನ್ನು ಗ್ರಾಮಸಭೆಯಲ್ಲಿ ತೀರ್ಮಾನಿಸಬೇಕು. ಕುಡಿಯುವ ನೀರಿನ ಸೆಲೆ, ಸುರಕ್ಷಿತ ದಾರಿ, ಹಳ್ಳ ದಾಟುವ ಸಂಕ ಇವು ಎಲ್ಲರಿಗೂ ತಿಳಿದಿರಲಿ. ಉಳಿದವು ಊರಿನಲ್ಲಿಯೇ ಇರಲಿ.

ಹಿಂದಿನ ತಲೆಮಾರು ತನ್ನ ಬೆಟ್ಟದ ಅಳತೆಯನ್ನು ಬೇರೆಯವರ ಪುಸ್ತಕದಲ್ಲಿ ಓದಬೇಕಾಯಿತು. ಆ ಪುಸ್ತಕವನ್ನು ತಾನೇ ಬರೆಯುವ ಅವಕಾಶ ಈ ತಲೆಮಾರಿಗೆ ಒದಗಿದೆ. ಈ ಬೇಸಗೆಯ ರಜೆಗೆ ಊರಿಗೆ ಬರುವ ವಿದ್ಯಾರ್ಥಿಗಳು ತಮ್ಮ ಮನೆಯ ಹಿಂದಿನ ಗುಡ್ಡದಿಂದಲೇ, ಅಜ್ಜನನ್ನೋ ಅಜ್ಜಿಯನ್ನೋ ಮುಂದಿಟ್ಟುಕೊಂಡು, ಈ ಕೆಲಸವನ್ನು ಆರಂಭಿಸಲಿ ಎಂಬುದು ನಮ್ಮ ವಿನಂತಿ.